ಚಿನ್ನದ ಊರಿನವರನ್ನು ಕೇಳಿದವರು ಯಾರು?



ಕ್ಯಾಲನೂರಿನಿಂದಲೋ ಕೋಲಾರ ತಾಲ್ಲೂಕಿನ ಬೇರಾವುದಾದರೂ ಹಳ್ಳಿಯಿಂದಲೋ ಹೊರಟು, ಕೋಲಾರ ಮತ್ತು ಬಂಗಾರಪೇಟೆಯನ್ನು ದಾಟಿ ಕೆ.ಜಿ.ಎಫ್. ಕಡೆಗೆ ನೀವು ಪ್ರಯಾಣ ಮಾಡಿದ್ದರೆ, ಊರು ಕಾಣುವುದಕ್ಕೆ ಮೊದಲೇ ಬೂದುಬಣ್ಣದ ದಿಬ್ಬಗಳು ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ. ಜನ ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಅದಿರನ್ನು ಪುಡಿಮಾಡಿ ಚಿನ್ನವನ್ನು ತೆಗೆದುಕೊಂಡ ಮೇಲೆ ಉಳಿದ ಮಣ್ಣು ಅದು. ಗಾಳಿಯ ಕಾಲದಲ್ಲಿ ಆ ಧೂಳು ಮನೆಗಳೊಳಗೆ, ಅಡುಗೆಯ ಪಾತ್ರೆಗಳ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ ಬಂದು ಕೂರುತ್ತದೆ. ಸುಮಾರು 120 ವರ್ಷಗಳಲ್ಲಿ ಈ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಗೆ ಹೋಯಿತು. ಧೂಳು ಮಾತ್ರ ಊರಿನವರಿಗೆ ಉಳಿಯಿತು.

ಈ ಗಣಿಗಳ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ಚಿನ್ನದ ತೂಕವನ್ನೂ ಗಣಿಯ ಆಳವನ್ನೂ ಲೆಕ್ಕ ಹಾಕಿದ್ದಾರೆ. ಚಾಂಪಿಯನ್ ರೀಫ್ಸ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆಂದು ಹೆಸರಾದುದನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆದರೆ ಆ ಆಳದಿಂದ ಮೇಲೆ ಬಂದ ಮನುಷ್ಯ ಸಂಜೆ ಯಾವ ಮನೆಗೆ ಹೋದ? ಆ ಮನೆ ಯಾರದಾಗಿತ್ತು? ಆ ಬೀದಿಯನ್ನು ಯೋಜಿಸಿದವರು ಯಾರು, ಕಾವಲು ಕಾದವರು ಯಾರು? ಅದು ಬದಲಾಗುವಾಗ ಅಲ್ಲಿ ವಾಸವಾಗಿದ್ದವರ ಅಭಿಪ್ರಾಯವನ್ನು ಯಾರಾದರೂ ಕೇಳಿದರೇ? ನಮ್ಮದೇ ಜಿಲ್ಲೆಯ ಈ ಊರಿನ ಬಗ್ಗೆ ಇಂದು ಈ ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಏಕೆಂದರೆ ಆ ಊರಿಗೆ ಈಗ ಮತ್ತೊಮ್ಮೆ ಹೊಸ ಯೋಜನೆಗಳು ಸಿದ್ಧವಾಗುತ್ತಿವೆ.

ತಟ್ಟಿಯ ಗೋಡೆಗಳ ನಡುವೆ

ಹಳೆಯ ಗಣಿಗುಂಡಿಗಳ ಸುದ್ದಿಯನ್ನು ಬೆನ್ನಟ್ಟಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಅನುಮತಿ ಪಡೆದವನು ಬೆಂಗಳೂರಿನಲ್ಲಿ ನೆಲೆಸಿದ್ದ ಲ್ಯಾವೆಲ್ ಎಂಬ ನಿವೃತ್ತ ಸೈನಿಕ. 1880ರ ನಂತರ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಬಂದಿತು. ಮೈಸೂರು, ಚಾಂಪಿಯನ್ ರೀಫ್ಸ್, ಊರ್ಗಾಂ, ನಂದಿದುರ್ಗ ಮೊದಲಾದ ಗಣಿಗಳು ಒಂದರ ಪಕ್ಕದಲ್ಲೊಂದು ಎದ್ದವು. ಕುರುಚಲು ಕಾಡಾಗಿದ್ದ ಬಯಲು ಕೆಲವೇ ವರ್ಷಗಳಲ್ಲಿ ಮೈಸೂರು ಸಂಸ್ಥಾನದ ದೊಡ್ಡ ಊರುಗಳಲ್ಲಿ ಒಂದಾಯಿತು.

ಈ ಊರನ್ನು ತುಂಬಿದವರು ಹೆಚ್ಚಾಗಿ ಉತ್ತರ ಆರ್ಕಾಟ್ ಮತ್ತು ಚಿತ್ತೂರು ಕಡೆಗಳಿಂದ ಬಂದ ಬಡವರು, ಅವರಲ್ಲಿಯೂ ಬಹುಪಾಲು ತಮ್ಮ ಹಳ್ಳಿಗಳಲ್ಲಿ ಅಸ್ಪೃಶ್ಯತೆಯನ್ನು ಉಂಡವರು. ಬರಗಾಲವೂ ಜಾತಿಯ ಕಟ್ಟುಪಾಡೂ ಅವರನ್ನು ಹೊರಡಿಸಿದ್ದವು. ಇಲ್ಲಿ ಕೂಲಿಯ ಹಣ ಕೈಗೆ ಬರುತ್ತಿತ್ತು. ಆ ಸ್ವಾತಂತ್ರ್ಯದ ಬೆಲೆಯನ್ನು ನಾವು ಕಡಿಮೆ ಮಾಡಿ ನೋಡಬಾರದು. ಆದರೆ ಅವರಿಗೆ ದೊರೆತ ಸೂರು ಎಂತಹುದು? ಬಿದಿರಿನ ತಟ್ಟಿಯ ಗೋಡೆ, ಮೇಲೆ ತಗಡು, ಒಳಗೆ ಒಂದೇ ಕೋಣೆ. ಅಡುಗೆ, ನಿದ್ರೆ, ಬಾಣಂತನ ಎಲ್ಲವೂ ಅಲ್ಲಿಯೇ. ಇಂತಹ ಮನೆಗಳು ಸಾಲುಸಾಲಾಗಿ ನಿಂತುದರಿಂದ ಆ ಬಡಾವಣೆಗಳಿಗೆ ‘ಲೈನು’ಗಳೆಂಬ ಹೆಸರು ಬಂದಿತು. ನೆಲ ಕಂಪನಿಯದು, ಲೈನು ಕಂಪನಿಯದು. ಕೆಲಸ ಹೋದರೆ ಮನೆಯೂ ಹೋಗುತ್ತಿತ್ತು.

ಗುಡ್ಡದ ಮೇಲೆ ಬೇರೊಂದು ಲೋಕವಿತ್ತು. ಅಲ್ಲಿ ಅಧಿಕಾರಿಗಳ ಬಂಗಲೆಗಳು, ಹೂದೋಟಗಳು, ಕ್ಲಬ್ಬು, ಗಾಲ್ಫ್ ಮೈದಾನ. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರ ತಂತಿಯ ಮೇಲೆ ಹರಿದು 1902ರಲ್ಲಿ ಈ ಗಣಿಗಳಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ಆ ದೀಪ ಬಂದದ್ದು 1905ರಲ್ಲಿ. ನಾವೆಲ್ಲರೂ ಹೆಮ್ಮೆಯಿಂದ ಹೇಳಿಕೊಳ್ಳುವ ಸಂಗತಿ ಇದು. ಆದರೆ ಅದೇ ತಂತಿಯ ಕೆಳಗೆ ವಾಸವಾಗಿದ್ದ ಕೆಲಸಗಾರನ ತಟ್ಟಿಮನೆಯಲ್ಲಿ ಇನ್ನೂ ದಶಕಗಳ ಕಾಲ ಸೀಮೆಎಣ್ಣೆಯ ಬುಡ್ಡಿಯೇ ಉರಿಯಿತೆಂಬುದನ್ನು ಜೊತೆಯಲ್ಲಿಯೇ ಹೇಳಬೇಕು.

ಪ್ಲೇಗು ಕಟ್ಟಿಸಿದ ಪೇಟೆ

1898ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಕಿಕ್ಕಿರಿದ ಹಳೆಯ ಪೇಟೆಗಳಲ್ಲಿ ಸಾವಿರಾರು ಜನ ಸತ್ತರು. ರೋಗದ ಮನೆಗಳನ್ನು ತೆರವು ಮಾಡಿಸುವುದು, ಹೆಂಚು ತೆಗೆದು ಬಿಸಿಲು ಬೀಳಿಸುವುದು, ಜನರನ್ನು ಊರ ಹೊರಗಿನ ಶಿಬಿರಗಳಿಗೆ ಸಾಗಿಸುವುದು, ಪ್ರಯಾಣಿಕರನ್ನು ತಡೆದು ತಪಾಸಣೆ ಮಾಡುವುದು, ಇವೆಲ್ಲವೂ ಆ ಕಾಲದ ಕ್ರಮಗಳು. ಅವು ಅಗತ್ಯವಾಗಿದ್ದವೆಂಬುದು ನಿಜ. ಆದರೆ ಜನರಿಗೆ ರೋಗಕ್ಕಿಂತ ತಪಾಸಣೆಯೇ ಹೆಚ್ಚು ಭಯ ಹುಟ್ಟಿಸಿತೆಂಬುದೂ ಅಷ್ಟೇ ನಿಜ. ಮನೆಯೊಳಗಿನ ಹೆಂಗಸರನ್ನು ಹೊರಗಿನವರು ಪರೀಕ್ಷಿಸುವುದನ್ನು, ಸತ್ತವರ ದೇಹಕ್ಕೆ ಸಲ್ಲಬೇಕಾದ ಸಂಸ್ಕಾರ ತಪ್ಪುವುದನ್ನು ಅವರು ಸಹಿಸಲಾರದೆ ಹೋದರು.

ಬೆಂಗಳೂರು ಈ ಅನುಭವದಿಂದ ಹೊಸ ಬಡಾವಣೆಗಳನ್ನು ಪಡೆಯಿತು. ಅಗಲವಾದ ರಸ್ತೆಗಳ ಬಸವನಗುಡಿ ಮತ್ತು ಮಲ್ಲೇಶ್ವರ ಬೆಳೆದವು. ದಂಡಿನ ಪ್ರದೇಶದಲ್ಲಿ ಫ್ರೇಜರ್ ಟೌನ್ ಎದ್ದಿತು. ಅದರ ಯೋಜನೆಯಲ್ಲಿ ಪಾಲುಗೊಂಡ ಸ್ಟೀಫನ್ಸ್ ಎಂಬವರು ಪ್ಲೇಗು ತಾಗದಂತೆ ಊರು ಕಟ್ಟುವ ಬಗೆಯನ್ನು ಕುರಿತು 1914ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಚಿನ್ನದ ಗಣಿ ಪ್ರದೇಶದಲ್ಲಿಯೂ 20ನೆಯ ಶತಮಾನದ ಆದಿಯಲ್ಲಿ ನೇರವಾದ ರಸ್ತೆಗಳನ್ನು ಹಾಕಿ ಹೊಸ ಪೇಟೆಯೊಂದನ್ನು ಯೋಜಿಸಲಾಯಿತು. ಮೈಸೂರಿನ ಬ್ರಿಟಿಷ್ ರೆಸಿಡೆಂಟರಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ ಅವರ ಹೆಸರಿನಿಂದ ಅದು ರಾಬರ್ಟ್‌ಸನ್‌ಪೇಟೆಯಾಯಿತು. ಅದರಂತೆ ಆಂಡರ್ಸನ್‌ಪೇಟೆಯೂ ಬೆಳೆಯಿತು. ಬೇತಮಂಗಲದ ಕೆರೆಯಿಂದ ಶುದ್ಧೀಕರಿಸಿದ ನೀರು ಕೊಳವೆಗಳಲ್ಲಿ ಬಂದಿತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಿ. ಬಸವನಗುಡಿಯಲ್ಲಿ ನಿವೇಶನ ಪಡೆದವನು ಆ ನೆಲಕ್ಕೆ ಒಡೆಯನಾದ. ಅವನ ಮೊಮ್ಮಕ್ಕಳು ಇಂದು ಆ ಮನೆಯ ಬೆಲೆಯನ್ನು ಕೋಟಿಗಳಲ್ಲಿ ಹೇಳುತ್ತಾರೆ. ರಾಬರ್ಟ್‌ಸನ್‌ಪೇಟೆಯಲ್ಲಿ ವ್ಯಾಪಾರಿಗಳು ಅಂಗಡಿ ಕಟ್ಟಿದರು. ಆದರೆ ಗಣಿಯೊಳಗೆ ಇಳಿಯುವ ಬಹುಪಾಲು ಜನ ಲೈನುಗಳಲ್ಲಿಯೇ ಉಳಿದರು. ತಟ್ಟಿಗಳ ಜಾಗದಲ್ಲಿ ಕಾಲಕ್ರಮೇಣ ಗೋಡೆಗಳು ಬಂದರೂ ಮನೆಯ ಹಕ್ಕು ಅವರ ಹೆಸರಿಗೆ ಬರಲಿಲ್ಲ. ಒಂದೇ ರೋಗದ ಭಯದಿಂದ ಎರಡು ಊರುಗಳು ಹೊಸದಾದವು. ಒಂದರಲ್ಲಿ ನಿವಾಸಿಗಳು ಹುಟ್ಟಿದರು, ಇನ್ನೊಂದರಲ್ಲಿ ಕೆಲಸಗಾರರು ಮಾತ್ರ ಉಳಿದರು.

ಎಲ್ಲರ ಮೇಲೂ ಒಂದೇ ಸಂಶಯ

ಚಿನ್ನವಿದ್ದಲ್ಲಿ ಕಳ್ಳತನದ ಭಯವಿರುತ್ತದೆ. ಅದಿರಿನ ಚೂರುಗಳೂ ಪಾದರಸ ಬೆರೆತ ಚಿನ್ನವೂ ಕದ್ದುಹೋಗುತ್ತಿದ್ದುದು ಸುಳ್ಳಲ್ಲ. ಆ ಕಳವಿನ ಹಿಂದೆ ಬಡ ಕೂಲಿಯೊಬ್ಬನೇ ಅಲ್ಲ, ಕೊಳ್ಳುವವರ, ಸಾಗಿಸುವವರ ದೊಡ್ಡ ಜಾಲವೂ ಇತ್ತು. ಕಂಪನಿಗಳ ಒತ್ತಾಯದಿಂದ 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಮೈಸೂರು ಸರ್ಕಾರ ಕಠಿಣವಾದ ಗಣಿ ಕಾನೂನನ್ನು ತಂದಿತು. ಸಾಮಾನ್ಯ ನ್ಯಾಯದಲ್ಲಿ ಅಪರಾಧವನ್ನು ಸಾಬೀತು ಮಾಡಬೇಕಾದವನು ಆರೋಪಿಸುವವನು. ಇಲ್ಲಿ ಕೈಯಲ್ಲಿ ಅದಿರು ಸಿಕ್ಕವನೇ ತಾನು ನಿರಪರಾಧಿಯೆಂದು ತೋರಿಸಬೇಕಾಯಿತು.

ಗಣಿಯಿಂದ ಮೇಲೆ ಬಂದವರ ಮೈ ತಡಕುವುದು ದಿನನಿತ್ಯದ ಪದ್ಧತಿಯಾಯಿತು. ಕಂಪನಿಯ ಕಾವಲುಗಾರರು ಬೇರೆ, ಸರ್ಕಾರದ ಪೊಲೀಸರು ಬೇರೆ. ಈ ವ್ಯವಸ್ಥೆಯ ಒಂದು ಗುರುತು ಇಂದಿಗೂ ನಮ್ಮ ಜಿಲ್ಲೆಯಲ್ಲಿ ಉಳಿದಿದೆ. ಕೋಲಾರಕ್ಕೆ ಒಬ್ಬ ಪೊಲೀಸ್ ವರಿಷ್ಠಾಧಿಕಾರಿ ಇದ್ದರೆ ಕೆ.ಜಿ.ಎಫ್.ಗೆ ಪ್ರತ್ಯೇಕವಾಗಿ ಮತ್ತೊಬ್ಬರಿದ್ದಾರೆ.

ಸುತ್ತಲಿನ ಹಳ್ಳಿಗಳವರಾದ ನಾವೂ ಇಲ್ಲಿ ನಮ್ಮ ಎದೆಯನ್ನು ಮುಟ್ಟಿ ನೋಡಿಕೊಳ್ಳಬೇಕು. ಹಾಲು, ಸೊಪ್ಪು, ತರಕಾರಿ, ಸೌದೆಗಳನ್ನು ಆ ಊರಿಗೆ ಮಾರಿ ಬದುಕಿದ ಹಳ್ಳಿಗಳು ನಮ್ಮಲ್ಲಿ ಎಷ್ಟೋ ಇವೆ. ಆದರೂ ‘ಗಣಿಯವರು’ ಎಂಬ ಮಾತನ್ನು ನಮ್ಮ ಹಿರಿಯರು ಯಾವ ಧ್ವನಿಯಲ್ಲಿ ಆಡುತ್ತಿದ್ದರೆಂಬುದು ನೆನಪಿದೆಯಲ್ಲವೇ? ಅವರ ಭಾಷೆ ಬೇರೆ, ಜಾತಿ ಬೇರೆ, ನಡೆನುಡಿ ಬೇರೆ ಎಂಬ ಕಾರಣದಿಂದ ನಾವೂ ಕಾವಲುಗಾರನ ಕಣ್ಣಿನಿಂದಲೇ ಅವರನ್ನು ನೋಡಿದೆವು. ನೆರೆಯವರಾಗಿ ನೂರು ವರ್ಷ ಕಳೆದರೂ ನೆರೆತನ ಬೆಳೆಯಲಿಲ್ಲ.

ಹೆಬ್ಬೆಟ್ಟಿನ ಪ್ರಶ್ನೆ

1930ರ ಏಪ್ರಿಲ್ ತಿಂಗಳು. ದೇಶದ ಕಣ್ಣೆಲ್ಲ ದಂಡಿಯ ಕಡಲತೀರದ ಮೇಲೆ ನೆಟ್ಟಿತ್ತು. ಅದೇ ತಿಂಗಳು ಚಿನ್ನದ ಗಣಿಗಳಲ್ಲಿ ಸಾವಿರಾರು ಕಾರ್ಮಿಕರು ಕೆಲಸಕ್ಕೆ ಇಳಿಯಲಿಲ್ಲ. ಮುಷ್ಕರ ಸುಮಾರು ಮೂರು ವಾರ ನಡೆಯಿತು. ಆಗ ಅವರಿಗೆ ಮಾನ್ಯತೆ ಪಡೆದ ಸಂಘವಿರಲಿಲ್ಲ, ಹೆಸರಾಂತ ನಾಯಕರೂ ಇರಲಿಲ್ಲ. ಸುದ್ದಿ ಲೈನಿನಿಂದ ಲೈನಿಗೆ ಬಾಯಿಮಾತಿನಲ್ಲಿಯೇ ಹರಡಿತು.

ಕಾರಣವೇನೆಂದು ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಮುಷ್ಕರವನ್ನು ಹೊತ್ತಿಸಿದ್ದು ಕೂಲಿಯ ಪ್ರಶ್ನೆಯಲ್ಲ, ಬೆರಳಚ್ಚಿನ ಪ್ರಶ್ನೆ. ಕಾರ್ಮಿಕರನ್ನು ನೋಂದಾಯಿಸಿಕೊಳ್ಳಲು ಅವರ ಬೆರಳಚ್ಚು ಪಡೆಯುವ ಹೊಸ ಪದ್ಧತಿಯನ್ನು ಕಂಪನಿಗಳು ತರಲು ಹೊರಟಿದ್ದವು. ಒಮ್ಮೆ ಕೆಲಸದಿಂದ ತೆಗೆದವನು ಬೇರೆ ಹೆಸರಿನಲ್ಲಿ ಬೇರೆ ಗಣಿಗೆ ಸೇರಬಾರದು, ಯಾರು ಎಲ್ಲಿಯವರೆಂದು ಸುಲಭವಾಗಿ ತಿಳಿಯಬೇಕು ಎಂಬುದು ಆಡಳಿತದ ಲೆಕ್ಕಾಚಾರ. ಆದರೆ ಆ ಕಾಲದ ಸಾಮಾನ್ಯ ಮನುಷ್ಯನಿಗೆ ಬೆರಳಚ್ಚು ಎಂದರೆ ಸೆರೆಮನೆ. ಬೆರಳಚ್ಚು ಕೊಡುವವನು ಅಪರಾಧಿ. ದಿನವೂ ಮೈ ತಡಕಿಸಿಕೊಂಡು ಸಹಿಸಿದ್ದ ಜನ ಈ ಒಂದು ಮಾತಿಗೆ ತಿರುಗಿ ನಿಂತರು.

ಇದು ಅಜ್ಞಾನಿಗಳ ಹಠವೆಂದು ತಳ್ಳಿಹಾಕುವುದು ಸುಲಭ. ಆದರೆ ಇದಕ್ಕಿಂತ ಎರಡು ದಶಕಗಳಿಗೂ ಹಿಂದೆ, 1906ರಲ್ಲಿ, ದಕ್ಷಿಣ ಆಫ್ರಿಕದ ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರೆಲ್ಲರೂ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾಯಿದೆ ಬಂದಾಗ, ಬ್ಯಾರಿಸ್ಟರ್ ಗಾಂಧಿಯವರು ಅದನ್ನು ವಿರೋಧಿಸಿ ನಿಂತರು. ಸತ್ಯಾಗ್ರಹ ಹುಟ್ಟಿದ್ದೇ ಆ ಹೋರಾಟದಲ್ಲಿ. ಬ್ಯಾರಿಸ್ಟರರಿಗೆ ಅವಮಾನವೆನಿಸಿದ್ದು ಓದುಬರಹವಿಲ್ಲದ ಗಣಿ ಕೆಲಸಗಾರನಿಗೂ ಅವಮಾನವೆನಿಸಿತು. ಅವನು ಕೇಳುತ್ತಿದ್ದುದು ಇಷ್ಟೇ: ನಾನು ಮಾಡದ ತಪ್ಪಿಗೆ ನನ್ನನ್ನು ಮೊದಲೇ ಕಳ್ಳನೆಂದು ಬರೆದಿಡಬೇಡಿ.

ಮಾತನಾಡಲು ಕಲಿತ ಲೈನುಗಳು

ಈ ಜನ ಮೂಕರಾಗಿದ್ದರೆಂದು ತಿಳಿಯಬಾರದು. ಲೈನುಗಳ ನಡುವೆ ಅವರದೇ ಆದ ಜಾಗಗಳು ಬೆಳೆದಿದ್ದವು. ಗುಡಿಗಳು, ಮಸೀದಿಗಳು, ಚರ್ಚುಗಳು, ಭಜನಾ ಮಂದಿರಗಳು, ಸಂಜೆ ಶಾಲೆಗಳು ಇದ್ದವು. ಅಯೋತಿದಾಸ ಪಂಡಿತರ ಪ್ರಭಾವದಿಂದ 20ನೆಯ ಶತಮಾನದ ಮೊದಲ ದಶಕದಲ್ಲಿಯೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಹುಟ್ಟಿತು. ಅವರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆ ಅವರ ಕಾಲಾನಂತರ 1920ರ ದಶಕದಲ್ಲಿ ಇದೇ ಚಿನ್ನದ ಊರಿನಿಂದ ಹೊರಬಂದಿತು. ಗಣಿಯೊಳಗೆ ಕಲ್ಲು ಒಡೆಯುವವರು ಮೇಲೆ ಬಂದು ಪತ್ರಿಕೆ ಓದಿಸಿ ಕೇಳುತ್ತಿದ್ದರು. ಜಾತಿ, ಮರ್ಯಾದೆ, ಶಿಕ್ಷಣಗಳನ್ನು ಕುರಿತು ವಾದಿಸುತ್ತಿದ್ದರು. ನಮ್ಮ ಧರ್ಮಕೇಂದ್ರಗಳ ಹಳೆಯ ಸ್ನಾನದೀಕ್ಷೆಯ ದಾಖಲೆಗಳಲ್ಲಿ, ಮರಣದ ದಾಖಲೆಗಳಲ್ಲಿ ಆ ಕುಟುಂಬಗಳ ಹೆಸರುಗಳಿವೆ. ಕಂಪನಿಯ ಪುಸ್ತಕದಲ್ಲಿ ಸಂಖ್ಯೆಯಾಗಿದ್ದವನು ಇಲ್ಲಿ ಹೆಸರುಳ್ಳವನಾಗಿದ್ದ, ಒಬ್ಬರ ಮಗ, ಒಬ್ಬರ ಗಂಡನಾಗಿದ್ದ.

1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮಾನ್ಯತೆ ಬಂದಿತು. ಅದುವರೆಗೆ ಗಲಭೆಯೆಂದು ಕರೆಯಲ್ಪಟ್ಟ ಮಾತು ಅಂದಿನಿಂದ ಬೇಡಿಕೆಯೆನಿಸಿಕೊಂಡಿತು. ಆದರೂ ಸಂಘರ್ಷ ನಿಲ್ಲಲಿಲ್ಲ. 1946ರ ಹೋರಾಟದ ದಿನಗಳಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ನವೆಂಬರ್ 4ನ್ನು ಹುತಾತ್ಮರ ದಿನವೆಂದು ಕಾರ್ಮಿಕ ಸಂಘಟನೆಗಳು ನೆನೆಯುತ್ತಾ ಬಂದಿವೆ. ಸ್ವಾತಂತ್ರ್ಯಕ್ಕೆ ಇನ್ನು ಒಂದು ವರ್ಷವೂ ಇರಲಿಲ್ಲವೆಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಬಾಗಿಲು ಮುಚ್ಚಿದ ಮೇಲೆ

1956ರಲ್ಲಿ ಗಣಿಗಳು ರಾಜ್ಯ ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರ ಸರ್ಕಾರದ ಕೈಗೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೂಪುಗೊಂಡಿತು. ಒಡೆಯರು ಬದಲಾದರು. ಆಸ್ಪತ್ರೆ, ಶಾಲೆ, ಭವಿಷ್ಯನಿಧಿಗಳ ಭದ್ರತೆ ಹೆಚ್ಚಿತು. ಇದನ್ನು ಕೃತಜ್ಞತೆಯಿಂದ ಒಪ್ಪಬೇಕು. ಆದರೆ ಲೈನುಮನೆಯ ಹಕ್ಕು ಮಾತ್ರ ಹಳೆಯ ಜಾಗದಲ್ಲಿಯೇ ನಿಂತಿತ್ತು. ಅದಿರಿನಲ್ಲಿ ಚಿನ್ನದ ಅಂಶ ಕಡಿಮೆಯಾಯಿತು, ಆಳದ ಕೆಲಸದ ಖರ್ಚು ಏರಿತು, ನಷ್ಟ ಬೆಳೆಯಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಂದು ಕಾಲಕ್ಕೆ 30,000ಕ್ಕೂ ಹೆಚ್ಚು ಜನ ದುಡಿದಿದ್ದಲ್ಲಿ ಕೊನೆಗೆ ಉಳಿದಿದ್ದವರು ಮೂರು ಸಾವಿರಕ್ಕೂ ಹೆಚ್ಚು. ಅವರೂ ಮನೆಗೆ ನಡೆದರು.

ಯಾವ ಮನೆಗೆ? ಅಂದು ಊರಿನವರು ಎತ್ತಿದ ಪ್ರಶ್ನೆ ಅದೇ. ತಾತ ಕಾಲಿಟ್ಟ ಮನೆ, ತಂದೆ ಸತ್ತ ಮನೆ, ಮಕ್ಕಳು ಹುಟ್ಟಿದ ಮನೆ ನಮ್ಮದೇ ಅಥವಾ ಸಂಸ್ಥೆಯದೇ? ಧರಣಿಗಳು ನಡೆದವು, ಬಂದ್‌ಗಳು ನಡೆದವು, ಮೊಕದ್ದಮೆಗಳು ಮೇಲಿನ ನ್ಯಾಯಾಲಯಗಳವರೆಗೆ ಹೋದವು. ಬಾಕಿ ಹಣಕ್ಕಾಗಿ, ಮನೆಯ ಹಕ್ಕಿಗಾಗಿ ನಿವೃತ್ತರು ವರ್ಷಾನುಗಟ್ಟಲೆ ಕಾದರು. ಕಾಯುತ್ತಲೇ ತೀರಿಕೊಂಡವರೂ ಇದ್ದಾರೆ. ಮಕ್ಕಳು ಮಾರಿಕುಪ್ಪಂನಿಂದ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಪದ್ಧತಿ ಬೆಳೆಯಿತು. ‘ಬೆಂಗಳೂರಿನಲ್ಲಿಯೇ ಮನೆ ಮಾಡಬಾರದೇ?’ ಎಂದು ಕೇಳುವವರಿಗೆ ಅವರ ಉತ್ತರ ಸರಳವಾದುದು. ಅಲ್ಲಿ ಬಾಡಿಗೆ ಕಟ್ಟುವ ಶಕ್ತಿಯಿಲ್ಲ, ಇಲ್ಲಿ ನಮ್ಮವರಿದ್ದಾರೆ.

ಇದು ಮುಗಿದ ಕಥೆಯಲ್ಲ

ಇಂತಹ ಪ್ರಶ್ನೆ ಗಣಿಯ ಊರಿಗೆ ಮಾತ್ರ ಸೇರಿದುದಲ್ಲ. ಆ ರೈಲು ತಲಪುವ ಬೆಂಗಳೂರಿನಲ್ಲಿಯೇ, ಈಜೀಪುರದಲ್ಲಿ, ಬಡವರಿಗಾಗಿ ಕಟ್ಟಿದ್ದ ವಸತಿಗೃಹಗಳು ಶಿಥಿಲವಾಗಿ ಕೆಲವು ಕುಸಿದುಬಿದ್ದವು. ಹೊಸ ಮನೆ ಬರುವವರೆಗೆಂದು ತಗಡಿನ ಶೆಡ್ಡುಗಳಲ್ಲಿ ಜನ ವರ್ಷಗಟ್ಟಲೆ ಕಾದರು. ಅಷ್ಟರಲ್ಲಿ ಆ ಜಮೀನಿನ ಅಭಿವೃದ್ಧಿಗೆ ಖಾಸಗಿ ಸಂಸ್ಥೆಯೊಂದಿಗೆ ಒಪ್ಪಂದವಾಗಿತ್ತು. 2013ರ ಜನವರಿಯಲ್ಲಿ ಪೊಲೀಸ್ ಕಾವಲಿನಲ್ಲಿ ಶೆಡ್ಡುಗಳನ್ನು ನೆಲಸಮ ಮಾಡಲಾಯಿತು. ಸಾವಿರಾರು ಜನ ಚಳಿಯಲ್ಲಿ ರಸ್ತೆಯ ಬದಿಗೆ ಬಂದರು.

ನಮ್ಮ ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ನಡೆದುದನ್ನೂ ನೆನೆಯಿರಿ. 2020ರ ಡಿಸೆಂಬರ್ 12ರಂದು ಅಲ್ಲಿನ ಮೊಬೈಲ್ ಫೋನ್ ಕಾರ್ಖಾನೆಯಲ್ಲಿ ಸಂಬಳದ ಅಸಮಾಧಾನ ಹಿಂಸೆಗೆ ತಿರುಗಿತು. ಗಾಜು, ಯಂತ್ರ, ವಾಹನಗಳು ನಾಶವಾದವು. ನೂರಕ್ಕೂ ಹೆಚ್ಚು ಜನರ ಬಂಧನವಾಯಿತು. ಹಿಂಸೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಸಂದಿರಲಿಲ್ಲವೆಂದು ಆ ಸಂಸ್ಥೆಯೇ ಆನಂತರ ಒಪ್ಪಿಕೊಂಡು ಕ್ಷಮೆ ಕೋರಿತು. ಆ ದೂರನ್ನು ಒಂದು ತಿಂಗಳು ಮೊದಲು ಕೂತು ಕೇಳಿದ್ದರೆ ಪೊಲೀಸರು ಬರಬೇಕಾಗುತ್ತಿತ್ತೇ?

ಈಗ ಕೆ.ಜಿ.ಎಫ್. ಕಡೆಗೆ ಮತ್ತೆ ದೊಡ್ಡ ಕಣ್ಣುಗಳು ತಿರುಗಿವೆ. ಗಣಿ ಸಂಸ್ಥೆಯ ಜಮೀನಿನಲ್ಲಿ ಸುಮಾರು 3,200 ಎಕರೆಯನ್ನು ಪಡೆದು ಕೈಗಾರಿಕಾ ನಗರವನ್ನು ಬೆಳೆಸುವ ಮಾತು ಕೆಲವು ವರ್ಷಗಳಿಂದ ನಡೆದಿದೆ. ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ 13 ಸೈನೈಡ್ ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇವು ಕೆಟ್ಟ ಯೋಜನೆಗಳೆಂದು ಹೇಳುವುದು ನನ್ನ ಉದ್ದೇಶವಲ್ಲ. ಮಕ್ಕಳು ನಸುಕಿನ ರೈಲು ಹತ್ತದೆ ಊರಿನಲ್ಲಿಯೇ ದುಡಿಯುವಂತಾದರೆ ಅದಕ್ಕಿಂತ ಸಂತೋಷವೇನಿದೆ? ಆದರೆ ದಿಬ್ಬವನ್ನು ಕೆದಕಿದಾಗ ಏಳುವ ಧೂಳು ಯಾರ ಮನೆಗೆ ಹೋಗುತ್ತದೆ, ಹೊಸ ನಗರದ ನಕ್ಷೆಯಲ್ಲಿ ಹಳೆಯ ಲೈನು ಎಲ್ಲಿರುತ್ತದೆ, ಕೆಲಸ ಮೊದಲು ಯಾರಿಗೆ, ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಅಲ್ಲಿ ವಾಸಿಸುವವರ ಮುಂದೆ ಕೂತು, ಅವರಿಗೆ ತಿಳಿಯುವ ಭಾಷೆಯಲ್ಲಿ, ಕೆಲಸ ಆರಂಭವಾಗುವುದಕ್ಕೆ ಮೊದಲು ಕೊಡಬೇಕು.

ನೂರು ವರ್ಷಗಳ ಈ ಇತಿಹಾಸ ನಮಗೆ ಒಂದು ಸಂಗತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಗಣಿಯ ಜನ ಪ್ಲೇಗಿನ ಕಾಲದಲ್ಲಿ, 1930ರಲ್ಲಿ, 2001ರಲ್ಲಿ ಕೇಳಿದ್ದು ಚಿನ್ನದ ಪಾಲನ್ನಲ್ಲ. ನಮ್ಮ ಬಾಗಿಲಿಗೆ ಬರುವ ಮೊದಲು ನಮ್ಮನ್ನು ಒಂದು ಮಾತು ಕೇಳಿ, ಕೇಳುವಾಗ ಕಳ್ಳರಂತೆ ನೋಡಬೇಡಿ ಎಂದಷ್ಟೇ ಅವರು ಕೇಳಿದರು. ಆ ಮಾತಿಗೆ ಕಿವಿಗೊಟ್ಟಲ್ಲಿ ಊರು ಶಾಂತವಾಗಿತ್ತು. ಕಿವಿಗೊಡದಲ್ಲಿ ಕಾವಲು ಹೆಚ್ಚಿಸಬೇಕಾಯಿತು.

ಓದುಗರೇ, ಮುಂದಿನ ಸಲ ಆ ಕಡೆಗೆ ಹೋದಾಗ ದಿಬ್ಬಗಳನ್ನು ಮಾತ್ರ ನೋಡಿ ಮರಳಬೇಡಿ. ಚಲನಚಿತ್ರದಲ್ಲಿ ಕಂಡ ಕೆ.ಜಿ.ಎಫ್. ಅನ್ನು ಹುಡುಕುವುದೂ ಬೇಡ. ಯಾವುದಾದರೂ ಲೈನಿನ ಜಗಲಿಯ ಮೇಲೆ ಕೂತಿರುವ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು, ‘ಈ ಮನೆ ನಿಮ್ಮ ಹೆಸರಿಗೆ ಆಯಿತೇ, ಅಯ್ಯಾ?’ ಎಂದು ಕೇಳಿ ನೋಡಿ. ಅವರು ಹೇಳುವ ಉತ್ತರ ದೀರ್ಘವಾಗಿರಬಹುದು. ನೆರೆಯವರಾದ ನಮಗೆ ಅದನ್ನು ಪೂರ್ತಿ ಕೇಳುವಷ್ಟು ಬಿಡುವಿರಲಿ.